ಪುಣೆಯ ಕೈತೋಟದಲ್ಲಿ ಸ್ಟ್ರಾಬೆರಿ: ಮಡಿಯ ಮೇಲಿನ ಹೊದಿಕೆ ಹೇಗಿರಬೇಕು?

ಕೋಥ್ರೂಡ್ ಕೈತೋಟ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ಕಡೆಯವರು, ಪುಣೆಯ ಕೋಥ್ರೂಡ್‌ನಲ್ಲಿ ನೆಲೆಸಿದ್ದೇವೆ. ಹಿತ್ತಿಲಿನಲ್ಲಿ ಇಟ್ಟಿಗೆಯ ಅಂಚು ಕಟ್ಟಿದ ಏರುಮಡಿಯೊಂದರಲ್ಲಿ, ವಾಯಿಯ ಕಡೆಯಿಂದ ತಂದ ವಿಂಟರ್ ಡಾನ್ ತಳಿಯ ಸಸಿಗಳನ್ನು ಅಕ್ಟೋಬರಿನಲ್ಲಿ ನೆಟ್ಟೆವು. ಚಳಿಗೂ ಹಕ್ಕಿಗಳಿಗೂ ಅಂಜಿ, ಪಿವಿಸಿ ಪೈಪುಗಳನ್ನು ಕಮಾನಿನಂತೆ ಬಗ್ಗಿಸಿ, ಅವುಗಳ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದವರೆಗೂ ಹೊದಿಸಿದ್ದೇವೆ. ಗಿಡಗಳು ಹುಲುಸಾಗಿ ಬೆಳೆದು ಹೂವನ್ನೂ ಧಾರಾಳವಾಗಿ ಬಿಟ್ಟಿವೆ. ಆದರೆ ಹಣ್ಣುಗಳು ಒಂದು ಮಗ್ಗುಲು ಉಬ್ಬಿ ಇನ್ನೊಂದು ಮಗ್ಗುಲು ಮುರುಟಿಕೊಳ್ಳುತ್ತಿವೆ; ಮುರುಟಿದ ಕಡೆ ಬೀಜಗಳು ಸಣ್ಣದಾಗಿ ಒತ್ತೊತ್ತಾಗಿ ಕುಳಿತಿರುತ್ತವೆ. ಜೊತೆಗೆ ಎಳೆಯ ಎಲೆಗಳು ಹಳದಿಗೆ ತಿರುಗಿ, ನರಗಳು ಮಾತ್ರ ಹಸಿರಾಗಿ ಉಳಿದಿವೆ. ಇದು ರೋಗವೋ, ಗೊಬ್ಬರದ ಕೊರತೆಯೋ, ಹೊದಿಕೆಯ ದೋಷವೋ ತಿಳಿದವರು ದಯವಿಟ್ಟು ವಿವರಿಸಬೇಕು.

ಬಾಣೇರ್ ತೋಟಗಾರ:

ತಾವು ಹೇಳಿದ ಎರಡು ಲಕ್ಷಣಗಳಿಗೆ ಕಾರಣಗಳು ಬೇರೆ ಬೇರೆ. ಮೊದಲು ಹಣ್ಣಿನ ವಿಷಯ.

ಸ್ಟ್ರಾಬೆರಿಯ ಮೈಮೇಲೆ ಕಾಣುವ ಒಂದೊಂದು ಬೀಜವೂ ಹೂವಿನ ನಡುವೆ ಪರಾಗವನ್ನು ಸ್ವೀಕರಿಸುವ ಒಂದೊಂದು ಶಲಾಕೆಯಿಂದ (ಹೆಣ್ಣು ಭಾಗದಿಂದ) ಆದದ್ದು. ಪರಾಗ ತಲುಪಿ ಬಲಿತ ಬೀಜ ಮಾತ್ರ ತನ್ನ ಸುತ್ತಲಿನ ತಿರುಳನ್ನು ಉಬ್ಬಿಸುತ್ತದೆ. ಪರಾಗ ತಲುಪದ ಕಡೆ ತಿರುಳು ಬೆಳೆಯದೆ, ಜೊಳ್ಳು ಬೀಜಗಳು ಒಂದೆಡೆ ಒತ್ತಾಗಿ ಉಳಿದುಬಿಡುತ್ತವೆ. ನೆಲದವರೆಗೂ ಮುಚ್ಚಿದ ಪ್ಲಾಸ್ಟಿಕ್ಕಿನೊಳಗೆ ಗಾಳಿಯೂ ಆಡುವುದಿಲ್ಲ, ಜೇನೂ ಬರುವುದಿಲ್ಲ. ಅದೂ ಅಲ್ಲದೆ, ಪುಣೆಯ ಚಳಿಗಾಲದ ಮಧ್ಯಾಹ್ನದ ಬಿಸಿಲಿಗೆ ಆ ಹಾಳೆಯ ಕೆಳಗಿನ ಉಷ್ಣತೆ ಸುಲಭವಾಗಿ 35 ಡಿಗ್ರಿ ದಾಟುತ್ತದೆ. ಅಂಥ ಸೆಕೆಯಲ್ಲಿ ಪರಾಗದ ಶಕ್ತಿಯೇ ಕುಂದುತ್ತದೆ. ಆದ್ದರಿಂದ ಬೆಳಿಗ್ಗೆ ಇಬ್ಬನಿ ಆರುತ್ತಲೇ ಎರಡೂ ಬದಿಯ ಹಾಳೆಯನ್ನು ಕಮಾನಿನ ನೆತ್ತಿಯವರೆಗೆ ಸುತ್ತಿ ಕಟ್ಟಿಡಿ. ತುಡುವೆ ಜೇನೂ ಕೋಲ್ಜೇನೂ ನಗರದೊಳಗೂ ಹೂವನ್ನು ಹುಡುಕಿಕೊಂಡು ಬರುತ್ತವೆ. ಅವು ಬಾರದ ದಿನ, ಹತ್ತು ಗಂಟೆಯ ನಂತರ ಮೃದುವಾದ ಕುಂಚವನ್ನು ಹೂವಿನ ನಡುವಿನ ಹಳದಿ ಗುಬುಟಿನ ಸುತ್ತಲೂ ಪೂರ್ತಿಯಾಗಿ ಆಡಿಸಿದರೆ ಸಾಕು. ಜೇನು ಸಾಕುವ ಆಸಕ್ತಿ ತಮಗಿದ್ದರೆ, 1962ರಲ್ಲಿ ಆರಂಭವಾದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇರುವುದು ಪುಣೆಯಲ್ಲಿಯೇ.

ಚಳಿಗೆ ಅಂಜುವ ಅಗತ್ಯ ನನಗೆ ಕಾಣುವುದಿಲ್ಲ. ರಾತ್ರಿಯ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿದರೆ ಈ ಗಿಡಕ್ಕೆ ಹಿತವೇ ಹೊರತು ಹಾನಿಯಿಲ್ಲ. ಹೂಮೊಗ್ಗು ಕಟ್ಟುವುದೂ ಹಣ್ಣು ನಿಧಾನವಾಗಿ ಮಾಗಿ ಸಿಹಿಯಾಗುವುದೂ ಆ ತಂಪಿನಿಂದಲೇ. ಶೀತ ದೇಶಗಳಲ್ಲಿ ಹಿಮದಿಂದ ಕಾಪಾಡಲು ಹೊದಿಸುವ ಪದ್ಧತಿಯನ್ನು ನಾವು ಇಲ್ಲಿ ಅನುಸರಿಸಬೇಕಾಗಿಲ್ಲ. ನಮ್ಮಲ್ಲಿ ಹೊದಿಕೆ ಬೇಕಾಗುವುದು ಮೂರು ಕಾರಣಗಳಿಗೆ: ಅಕ್ಟೋಬರ್, ನವೆಂಬರಿನ ಅಕಾಲ ಮಳೆ, ಪಿಕಳಾರದಂಥ ಹಕ್ಕಿಗಳು ಮತ್ತು ಫೆಬ್ರವರಿಯ ಕೊನೆಯಿಂದ ಏರುವ ಬಿಸಿಲು. ಮಳೆಯ ಸೂಚನೆಯಿದ್ದಾಗ ಮಾತ್ರ ಪ್ಲಾಸ್ಟಿಕ್ಕನ್ನು ಇಳಿಸಿ. ಹಣ್ಣು ಕೆಂಪೇರುವಾಗ ಜೇನು ನುಸುಳುವಷ್ಟು ಕಣ್ಣುಗಳಿರುವ ಬಲೆಯನ್ನು, ಹಕ್ಕಿಯ ಕಾಲು ಸಿಕ್ಕಿಕೊಳ್ಳದಂತೆ ಬಿಗಿಯಾಗಿ ಎಳೆದು ಕಟ್ಟಿ. ಬೇಸಿಗೆ ಸಮೀಪಿಸಿದಾಗ ಅದೇ ಕಮಾನುಗಳ ಮೇಲೆ ಶೇಕಡಾ 35ರಿಂದ 50ರಷ್ಟು ನೆರಳು ಕೊಡುವ ಶೇಡ್ ನೆಟ್ ಹಾಕಿ.

ಹಳದಿ ಎಲೆಗೆ ಕಾರಣ ಬಹುಶಃ ಮಣ್ಣು. ಸ್ಟ್ರಾಬೆರಿಗೆ 5.5ರಿಂದ 6.5ರ ರಸಸಾರ (ಪಿಎಚ್), ಅಂದರೆ ತುಸು ಹುಳಿ ಮಣ್ಣು ಬೇಕು. ಮಹಾಬಳೇಶ್ವರ, ಪಂಚಗಣಿಗಳ ಹಣ್ಣಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯುವಷ್ಟು ಹೆಸರು ಬಂದದ್ದಕ್ಕೆ ಅಲ್ಲಿನ ತಂಪಿನ ಜೊತೆಗೆ ನೀರು ನಿಲ್ಲದ ಕೆಮ್ಮಣ್ಣೂ ಕಾರಣ. ಪುಣೆಯ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಾಗಿರುವುದರಿಂದ, ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಅದನ್ನು ಇನ್ನಷ್ಟು ಕೆಡಿಸುತ್ತದೆ. ಸದ್ಯಕ್ಕೆ ಚಿಲೇಟೆಡ್ ಕಬ್ಬಿಣವನ್ನು (ಇಂಥ ಮಣ್ಣಿನಲ್ಲೂ ಬೇರಿಗೆ ಸಿಗುವ ರೂಪದ ಕಬ್ಬಿಣ) ಪೊಟ್ಟಣದ ಮೇಲಿನ ಪ್ರಮಾಣದಂತೆ ಕೊಡಿ. ಮುಂದಿನ ನಾಟಿಗೆ ಮೊದಲು ಮಡಿಯ ಮೇಲಿನ ಒಂದಡಿ ಮಣ್ಣನ್ನು ತೆಗೆದು, ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ ತುಂಬಿಸುವುದೇ ಸರಿಯಾದ ಪರಿಹಾರ.

ಚಿಂಚವಡದ ಓದುಗಿ:

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಮೇಲಿನ ಹೊದಿಕೆಗಿಂತ ಕೆಳಗಿನ ಹೊದಿಕೆ ಮುಖ್ಯವೆಂಬುದು ನನ್ನ ಅನುಭವ. ಹಸಿ ಮಣ್ಣಿಗೆ ತಗಲಿದ ಹಣ್ಣು ಬೇಗ ಕೊಳೆಯುತ್ತದೆ. ಹೊಲದಲ್ಲಿ ರೈತರು ಬೆಳ್ಳಿ ಮತ್ತು ಕಪ್ಪು ಬಣ್ಣದ ಮಲ್ಚಿಂಗ್ ಹಾಳೆಯನ್ನು ಬೆಳ್ಳಿಯ ಬದಿ ಮೇಲಾಗಿ ಹಾಸುತ್ತಾರೆ. ಮನೆಯ ಸಣ್ಣ ಮಡಿಗೆ ಒಣಗಿದ ಭತ್ತದ ಹುಲ್ಲೇ ಸಾಕು. ಹುಲ್ಲನ್ನು ಹಾಸುವಾಗ ಎಲೆಗಳು ಹೊರಡುವ ಸುಳಿಯನ್ನು ಮುಚ್ಚಬಾರದು. ನೀರನ್ನು ಬೆಳಿಗ್ಗೆಯೇ ಬುಡಕ್ಕೆ ಹನಿಯಾಗಿ ಕೊಡಬೇಕು. ಎಲೆಯ ಮೇಲೆ ತೇವ ಉಳಿದು ಗಾಳಿಯಾಡದಿದ್ದರೆ ಹಣ್ಣಿನ ಮೇಲೆ ಬೂದು ಬಣ್ಣದ ಬೂಷ್ಟು ಬರುತ್ತದೆ. ಹಾಗೆ ಕೆಟ್ಟ ಹಣ್ಣನ್ನು ಮಡಿಯಲ್ಲಿ ಬಿಡದೆ ಆಗಲೇ ಕಿತ್ತು ದೂರ ಹಾಕಿ.

ಕೋಥ್ರೂಡ್ ಕೈತೋಟ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಾಳೆಯನ್ನು ಇಂದೇ ಮೇಲೆತ್ತಿ ಕಟ್ಟುತ್ತೇವೆ. ಈ ಗಿಡಗಳನ್ನೇ ಮಳೆಗಾಲ ದಾಟಿಸಿ ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬಹುದೇ?

ಬಾಣೇರ್ ತೋಟಗಾರ:

ಉಳಿಸಿಕೊಳ್ಳಬಹುದು, ಆದರೆ ಅದೇ ಗಿಡಗಳಿಂದ ಮೊದಲಿನಂಥ ಫಲವನ್ನು ನಿರೀಕ್ಷಿಸಬೇಡಿ. ಮಹಾಬಳೇಶ್ವರದ ಬೆಳೆಗಾರರೂ ಪ್ರತಿ ವರ್ಷ ಹೊಸ ಸಸಿಗಳನ್ನೇ ನೆಡುತ್ತಾರೆ. ಏಪ್ರಿಲಿನಲ್ಲಿ ಹಣ್ಣು ಮುಗಿದ ಮೇಲೆ ರೋಗವಿಲ್ಲದ ನಾಲ್ಕಾರು ಗಿಡಗಳನ್ನು ಆರಿಸಿ, ಕುಂಡಕ್ಕೆ ಬದಲಾಯಿಸಿ, ನೆರಳಿನಲ್ಲಿಡಿ. ಮಳೆಗಾಲದಲ್ಲಿ ನೆತ್ತಿಯ ಮೇಲೆ ಮಾತ್ರ ಪ್ಲಾಸ್ಟಿಕ್ ಇದ್ದು ನಾಲ್ಕೂ ಬದಿ ತೆರೆದಿರಲಿ. ಆಗ ಹೊರಡುವ ಬಳ್ಳಿಗಳ ಗೆಣ್ಣನ್ನು ಮಣ್ಣು ತುಂಬಿದ ಸಣ್ಣ ಚೀಲದ ಮೇಲೆ ಒತ್ತಿ, ಬಾಗಿಸಿದ ತಂತಿಯಿಂದ ಸಿಕ್ಕಿಸಿ. ಬೇರು ಬಿಟ್ಟ ಮೇಲೆ ತಾಯಿಗಿಡದಿಂದ ಕತ್ತರಿಸಿ, ಸೆಪ್ಟೆಂಬರಿನ ಕೊನೆಯಲ್ಲಿ ಮಡಿಗೆ ನೆಡಿ.