'ಬೆಂಬಲ ನಿಂತಿದೆ' ಅಂದರೆ ಏನು ನಿಂತಿದೆ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಹಳೆಯ ವಿಂಡೋಸ್ ಇಟ್ಟುಕೊಂಡವರಿಗಾಗಿ ಒಂದು ಪುಟದ ತಿಳಿವಳಿಕೆ ಪತ್ರ ಬರೆಯುತ್ತಿದ್ದೇನೆ. 'ಸಪೋರ್ಟ್' ಅನ್ನೋ ಮಾತಿನ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಎಲ್ಲರೂ ಬಳಸುವ ಹಾಗೆ 'ಬೆಂಬಲ' ಅಂತ ಬರೆದಿದ್ದೆ. ಈಗ ಅದು ಸಾಲದು ಅನ್ನಿಸುತ್ತಿದೆ.

ಕಾರಣ ನಮ್ಮ ಚಿಕ್ಕಪ್ಪ. ತಿಪಟೂರಿನ ಕಡೆ ಲಗ್ನಪತ್ರಿಕೆ, ಕರಪತ್ರಗಳ ಡಿಟಿಪಿ ಮಾಡುತ್ತಾರೆ. ಅವರದು ವಿಂಡೋಸ್ 7. ಹಳೆಯ ಫಾಂಟುಗಳು, ಹಳೆಯ ಫೈಲುಗಳು ಎಲ್ಲಾ ಅದರಲ್ಲೇ ಸರಿಯಾಗಿ ಕೂತಿವೆ, ಅದಕ್ಕೇ ಬದಲಿಸಿಲ್ಲ. ಒಂದು ದಿನ ಯಾವುದೋ ಪುಟ ತೆರೆದಾಗ 'ನಿಮ್ಮ ಆವೃತ್ತಿಗೆ ಬೆಂಬಲ ಕೊನೆಗೊಂಡಿದೆ' ಅಂತ ಬಂತಂತೆ. ತಕ್ಷಣ ನನಗೆ ಫೋನ್ ಮಾಡಿ, "ಏನಪ್ಪಾ, ನಾಳೆಯಿಂದ ಮಷೀನು ಆನ್ ಆಗಲ್ವಾ?" ಅಂತ ಕೇಳಿದರು. ದನಿಯಲ್ಲಿ ನಿಜವಾದ ಗಾಬರಿ ಇತ್ತು. ಕೈಯಲ್ಲಿ ಮೂರು ಮದುವೆಯ ಕೆಲಸ ಇತ್ತು.

ಆ ಗಾಬರಿಗೆ ಪದವೇ ಕಾರಣ ಅಂತ ನನ್ನ ಅನಿಸಿಕೆ. ಬೆಂಬಲ ಅನ್ನೋದು ನಮ್ಮ ಕಿವಿಗೆ ಜಾಸ್ತಿ ಬೀಳೋದು ಎಲ್ಲಿ? ರಾಜಕೀಯದ ಸುದ್ದಿಯಲ್ಲಿ. 'ಸರ್ಕಾರಕ್ಕೆ ಕೊಟ್ಟ ಬೆಂಬಲ ವಾಪಸ್' ಅಂದರೆ ಸರ್ಕಾರ ಬಿತ್ತು ಅಂತಲೇ ಅರ್ಥ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಹಾಗಾಗಿ ಅಲ್ಲಿ 'ಬೆಂಬಲಿತ ಅಭ್ಯರ್ಥಿ'. ಕೊಬ್ಬರಿಯ ಊರಿನವರಿಗೆ ಬೆಂಬಲ ಬೆಲೆಯೂ ಗೊತ್ತು. ಎಲ್ಲ ಕಡೆಯೂ ಬೀಳದ ಹಾಗೆ ಹಿಂದಿನಿಂದ ಹಿಡಿದುಕೊಂಡ ಕೈ ಅದು. ಪದದ ಒಳಗೇ ಬೆನ್ನು ಇದೆಯಲ್ಲ: ಬೆನ್ನ ಹಿಂದಿನ ಬಲ. ಬೆಂಗಾವಲು ಆದದ್ದೂ ಹೀಗೇ. ಆ ಕೈ ತೆಗೆದರೆ ಬೀಳಲೇಬೇಕು ಅಂತ ಓದುಗರು ತಿಳಿದುಕೊಂಡರೆ ತಪ್ಪು ಅವರದಲ್ಲ.

ಆದರೆ ನಡೆದದ್ದು ಬೇರೆ. 2020ರ ಜನವರಿ 14ರ ನಂತರ ಸಾಮಾನ್ಯ ಬಳಕೆದಾರರ ವಿಂಡೋಸ್ 7ಕ್ಕೆ ಭದ್ರತೆಯ ಅಪ್‌ಡೇಟ್ ಬರುವುದು ನಿಂತಿತು. ಮರುದಿನ ಕಂಪ್ಯೂಟರುಗಳು ಎಂದಿನ ಹಾಗೇ ಆನ್ ಆದವು. ಮೂರು ವರ್ಷ ಕಳೆದು, 2023ರಲ್ಲಿ, ಕ್ರೋಮ್ ಬ್ರೌಸರ್ ವಿಂಡೋಸ್ 7ಕ್ಕೆ ಹೊಸ ಆವೃತ್ತಿ ಕೊಡುವುದನ್ನು ಬಿಟ್ಟಿತು. 109ನೆಯದೇ ಕೊನೆ. ಫೈರ್‌ಫಾಕ್ಸ್ ಬ್ರೌಸರಿನಲ್ಲಿ 115ನೆಯದು. ಇವು ಎರಡು ಬೇರೆ ಸಂಗತಿಗಳು, ಅಲ್ವಾ? ಒಂದರಲ್ಲಿ ಮಾಡಿದವರೇ ತಮ್ಮ ವಿಂಡೋಸನ್ನು ನೋಡಿಕೊಳ್ಳುವುದು ಬಿಟ್ಟರು. ಇನ್ನೊಂದರಲ್ಲಿ ಬೇರೆಯವರ ಹೊಸ ತಂತ್ರಾಂಶ ಅದರ ಮೇಲೆ ಓಡುವುದಿಲ್ಲ. ವಿಂಡೋಸ್ 10ಕ್ಕೆ ಮೊದಲನೆಯದು 2025ರ ಅಕ್ಟೋಬರ್ 14ಕ್ಕೆ ಆಯಿತು, ಹೆಚ್ಚುವರಿ ಅಪ್‌ಡೇಟಿಗೆ ನೋಂದಾಯಿಸಿಕೊಂಡವರನ್ನು ಬಿಟ್ಟು. ಎರಡನೆಯದು ಒಂದೊಂದು ತಂತ್ರಾಂಶಕ್ಕೆ ಒಂದೊಂದು ದಿನ ಬರುತ್ತದೆ. ಎರಡಕ್ಕೂ 'ಬೆಂಬಲ ನಿಂತಿದೆ' ಅಂತಲೇ ಬರೆದರೆ ಓದುವವರಿಗೆ ಯಾವುದು ಅಂತ ತಿಳಿಯುವುದು ಹೇಗೆ?

ಮೊದಲನೆಯದಕ್ಕೆ ನನಗೆ ಹೊಳೆದದ್ದು 'ಆರೈಕೆ'. ಚಿಕ್ಕಪ್ಪನಿಗೆ ಹೀಗೆ ಹೇಳಿದೆ: "ತೋಟಕ್ಕೆ ಆರೈಕೆ ನಿಂತ ಹಾಗೆ. ಮರ ನಾಳೆಯೇ ಒಣಗಲ್ಲ, ಕಾಯಿ ಬಿಡ್ತಾನೇ ಇರುತ್ತೆ. ಆದರೆ ನುಸಿ ಬಿದ್ದರೆ ನೋಡೋರಿಲ್ಲ." ತಟ್ಟನೆ ಅರ್ಥವಾಯಿತು. ಬ್ಯಾಂಕಿನ ಕೆಲಸವನ್ನು ಆ ಕಂಪ್ಯೂಟರಿನಲ್ಲಿ ಮಾಡಬಾರದು ಅಂತ ಅವರೇ ಹೇಳಿದರು. ಈ ಪದ ಇನ್ನೊಂದು ಕಡೆಯೂ ಹೊಂದುತ್ತದೆ. ಇನ್ನೂ ಹಳೆಯದಾದ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೇ ಅಪ್‌ಡೇಟ್ ನಿಂತಿತ್ತು. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಅನ್ನೋ ಕುತಂತ್ರಾಂಶ ಹರಡಿದಾಗ ಮೈಕ್ರೋಸಾಫ್ಟ್ ಅದಕ್ಕೂ ಒಂದು ತೇಪೆ ಬಿಡುಗಡೆ ಮಾಡಿತು. ಪಾಳು ಬಿಟ್ಟ ತೋಟಕ್ಕೆ ರೋಗ ಹರಡುತ್ತದೆ ಅಂತ ಒಂದು ಸಲ ಔಷಧಿ ಹೊಡೆದ ಹಾಗೆ.

ಎರಡನೆಯದಕ್ಕೆ 'ಒಗ್ಗು' ಅಂತ ಯೋಚಿಸಿದ್ದೇನೆ. 'ಈ ತಂತ್ರಾಂಶ ವಿಂಡೋಸ್ 7ಕ್ಕೆ ಒಗ್ಗುವುದಿಲ್ಲ.' ಊರಿನ ನೀರು ಒಗ್ಗಲಿಲ್ಲ ಅನ್ನುತ್ತೇವಲ್ಲ, ಹಾಗೆ. ಆದರೆ ಇಲ್ಲಿ ನನಗೊಂದು ಅನುಮಾನ. ಒಗ್ಗದ ನೀರು ನಾಲ್ಕು ದಿನ ಕಳೆದರೆ ಒಗ್ಗಿಹೋಗುತ್ತದೆ. ತಂತ್ರಾಂಶ ಎಷ್ಟು ದಿನ ಕಾದರೂ ಒಗ್ಗುವುದಿಲ್ಲ. 'ಹೊಂದುವುದಿಲ್ಲ' ಅನ್ನಬಹುದು, ಆದರೆ ಅದು ಜಾತಕದ ಮಾತಿನ ಹಾಗೆ ಕೇಳಿಸುತ್ತದೆ. ಸುಮ್ನೆ 'ಓಡುವುದಿಲ್ಲ' ಅಂದರೆ ಸಾಕೇ? ಅದರಲ್ಲಿ 'ಮೊದಲು ಓಡುತ್ತಿತ್ತು, ಈಗ ಕೈಬಿಟ್ಟಿದ್ದಾರೆ' ಅನ್ನೋದು ಬರುವುದಿಲ್ಲ.

ಬೆಂಬಲವನ್ನು ಪೂರ್ತಿ ಬಿಡಬೇಕು ಅಂತ ನನ್ನ ವಾದ ಅಲ್ಲ. 'ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ಬೆಂಬಲ ಬಂತು' ಅನ್ನುವಲ್ಲಿ ಅದು ಚೆನ್ನಾಗಿಯೇ ಇದೆ. ತುಂಗಾ ಫಾಂಟು ಅದರ ಜೊತೆಗೇ ಬಂದಿತ್ತು, ಯೂನಿಕೋಡ್ ಕನ್ನಡ ಪರದೆಯ ಮೇಲೆ ಮೂಡಿತು. ಅದನ್ನು ಬೆನ್ನ ಹಿಂದಿನ ಬಲ ಅಂದರೆ ಸರಿಯೇ. ಸಹಾಯವಾಣಿಯ ಸಪೋರ್ಟಿಗೆ 'ನೆರವು' ಇದೆ, ಅಲ್ಲಿ ತಕರಾರಿಲ್ಲ.

ನನ್ನ ಪ್ರಶ್ನೆ ಇಷ್ಟು. 'ಆರೈಕೆ ನಿಂತಿದೆ' ಅಂತ ಯಂತ್ರದ ವಿಷಯಕ್ಕೆ ಬರೆದರೆ ನಿಮ್ಮ ಕಡೆ ಸಹಜವಾಗಿ ಕೇಳಿಸುತ್ತದೆಯೇ, ಅಥವಾ ಬಾಣಂತಿಯ ನೆನಪೇ ಮುಂದೆ ಬರುತ್ತದೆಯೇ? ಪಂಪ್‌ಸೆಟ್ಟಿಗೋ ಬೈಕಿಗೋ ಹೊಸ ಬಿಡಿಭಾಗ ಕೂರದೇ ಹೋದರೆ ಧಾರವಾಡದ ಕಡೆ, ಕರಾವಳಿಯ ಕಡೆ ಮೆಕ್ಯಾನಿಕ್ಕುಗಳು ಏನನ್ನುತ್ತಾರೆ? ನಮ್ಮಲ್ಲಿ 'ಸೆಟ್ ಆಗಲ್ಲ' ಅಂದುಬಿಡುತ್ತಾರೆ. ಅದಕ್ಕಿಂತ ಒಳ್ಳೆಯ ಮಾತು ಯಾರ ಬಾಯಲ್ಲಾದರೂ ಕೇಳಿದ್ದರೆ ದಯವಿಟ್ಟು ಬರೆಯಿರಿ. ಪತ್ರವನ್ನು ಅಚ್ಚಿಗೆ ಕೊಡೋದಕ್ಕೆ ಇನ್ನೂ ಒಂದು ವಾರ ಇದೆ. ಅಚ್ಚು ಹಾಕುವವರೂ ಚಿಕ್ಕಪ್ಪನೇ.