2027ರ ಯುವಜನರ ತೀರ್ಥಯಾತ್ರೆ: ಸಿಯೋಲ್‌ಗೋ, ಸ್ಯಾಂಟಿಯಾಗೊಗೋ? ಅದು ಪ್ರವಾಸವಾಗದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ಯುವಸಂಚಾಲಕಿ

ನಮ್ಮ ಕಥೋಲಿಕ ಧರ್ಮಕೇಂದ್ರದ (ಚರ್ಚಿನ) ಯುವಜನ ಸಂಘದಿಂದ 2027ರಲ್ಲಿ 26 ಮಂದಿಯನ್ನು ವಿದೇಶದ ತೀರ್ಥಯಾತ್ರೆಗೆ ಕರೆದೊಯ್ಯಬೇಕೆಂದು ಮಾತಾಗಿದೆ. ಅವರಲ್ಲಿ 6 ಮಂದಿಗೆ ಯಾತ್ರೆಯ ಹೊತ್ತಿಗೂ 18 ವರ್ಷ ತುಂಬಿರುವುದಿಲ್ಲ. ನಮ್ಮ ಮುಂದೆ ಎರಡು ದಾರಿಗಳಿವೆ. ಒಂದು, ಆಗಸ್ಟ್ 3ರಿಂದ 8ರವರೆಗೆ ಸಿಯೋಲ್‌ನಲ್ಲಿ ನಡೆಯುವ, ಕಥೋಲಿಕ ಯುವಜನರ ಜಾಗತಿಕ ಸಮಾವೇಶವಾದ ವಿಶ್ವ ಯುವಜನ ದಿನ. ಇನ್ನೊಂದು, ಸಂತ ಯಾಕೋಬರ ಸಮಾಧಿಯಿದೆಯೆಂದು ನಂಬುವ ಸ್ಪೇನಿನ ಸ್ಯಾಂಟಿಯಾಗೊ ದೆ ಕಾಂಪೊಸ್ಟೆಲಾಕ್ಕೆ ಕಾಲ್ನಡಿಗೆ. ಸಂತ ಯಾಕೋಬರ ಹಬ್ಬವಾದ ಜುಲೈ 25 ಭಾನುವಾರ ಬಂದ ವರ್ಷವನ್ನು ಅಲ್ಲಿ ಪವಿತ್ರ ವರ್ಷವೆಂದು ಆಚರಿಸುತ್ತಾರೆ, 2027 ಅಂಥ ವರ್ಷ.

ಸಿಯೋಲ್ ಯಾತ್ರೆಗೆಂದು ಒಬ್ಬ ಪ್ರಯಾಣ ಏಜೆಂಟರಿಂದ 9 ದಿನಗಳ ಕಾರ್ಯಕ್ರಮಪಟ್ಟಿ ತರಿಸಿದೆವು. ಯುವಜನ ದಿನದ ಕಾರ್ಯಕ್ರಮಗಳಿಗೆ ಅದರಲ್ಲಿ ಸಿಕ್ಕಿರುವುದು ಎರಡೂವರೆ ದಿನ ಮಾತ್ರ. ಮಿಕ್ಕದ್ದೆಲ್ಲ ಅರಮನೆ, ಗೋಪುರ, ಖರೀದಿ ಬೀದಿ, ಮನರಂಜನಾ ಉದ್ಯಾನಗಳ ಪಾಲಾಗಿದೆ. ಧರ್ಮಕೇಂದ್ರದ ಪಾಲನಾ ಸಮಿತಿಯ ಹಿರಿಯರೊಬ್ಬರು ಪಟ್ಟಿಯನ್ನು ಓದಿ, "ಇದಕ್ಕೂ ಪ್ರವಾಸಕ್ಕೂ ಇರುವ ವ್ಯತ್ಯಾಸವನ್ನು ತೋರಿಸಮ್ಮ, ನಾನೇ ಮೊದಲು ಸಹಿ ಹಾಕುತ್ತೇನೆ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಇನ್ನೂ ಒಂದು ಸಂಗತಿಯಿದೆ. ಒಂದು ವರ್ಷದಿಂದ ಚರ್ಚಿನ ಬಲಿಪೂಜೆಗೆ (ಮಾಸ್‌ಗೆ) ಬರುವುದನ್ನೇ ನಿಲ್ಲಿಸಿರುವ ಹುಡುಗನೊಬ್ಬ ಈ ಯಾತ್ರೆಗೆ ಮಾತ್ರ ಬರುತ್ತೇನೆನ್ನುತ್ತಿದ್ದಾನೆ, ಅವನನ್ನು ಸೇರಿಸಿಕೊಳ್ಳಬಾರದೆಂದು ಸಂಘದಲ್ಲೇ ಕೆಲವರು ಹಟ ಹಿಡಿದಿದ್ದಾರೆ. ಇಂಥ ಗುಂಪುಗಳನ್ನು ಕರೆದೊಯ್ದು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಲಿಸ್ಬನ್_ಯಾತ್ರಿಕ

ಸೋದರಿ, 2023ರ ಆಗಸ್ಟ್‌ನಲ್ಲಿ 18 ಮಂದಿಯ ಗುಂಪಿನೊಂದಿಗೆ ಲಿಸ್ಬನ್ನಿನ ವಿಶ್ವ ಯುವಜನ ದಿನಕ್ಕೆ ಹೋಗಿ ಬಂದವನು ನಾನು. ನಿಮ್ಮ ಏಜೆಂಟರ ಪಟ್ಟಿಯನ್ನು ಓದಿದಾಗ ನಾವು ಮಾಡಿದ ತಪ್ಪೇ ನೆನಪಾಯಿತು. ಅಷ್ಟು ದೂರ ಹೋಗಿ ಸುಮ್ಮನೆ ಬರುವುದುಂಟೇ ಎಂದು ಸಮಾರೋಪದ ಬಲಿಪೂಜೆಯ ಮರುದಿನವೇ ಎರಡು ದಿನಗಳ ನಗರ ದರ್ಶನವನ್ನು ಸೇರಿಸಿದ್ದೆವು. ಹಿಂದಿನ ರಾತ್ರಿ ಬಯಲಿನಲ್ಲಿ ಮಲಗಿ ಎದ್ದವರನ್ನು ಬಸ್ಸಿನಲ್ಲಿ ಕೂರಿಸಿ ಸ್ಮಾರಕದಿಂದ ಸ್ಮಾರಕಕ್ಕೆ ಸುತ್ತಿಸಿದೆವು, ಅವರು ಬಸ್ಸಿನಿಂದ ಇಳಿಯಲಿಲ್ಲ. ಆ ವಾರದಲ್ಲಿ ಆದದ್ದನ್ನು ಕೂತು ಮಾತನಾಡಲು ಒಂದು ಪೂರ್ತಿ ದಿನ ಬೇಕಾಗಿತ್ತು, ನಾವು ಅದನ್ನೇ ಸ್ಮಾರಕಗಳಿಗೆ ಕೊಟ್ಟುಬಿಟ್ಟೆವು. ಆದ್ದರಿಂದ ಪಟ್ಟಿಗೆ ಏನನ್ನು ಸೇರಿಸಬೇಕೆಂದು ಯೋಚಿಸುವ ಮೊದಲು ಏನನ್ನು ತೆಗೆಯಬಹುದೆಂದು ನೋಡಿ. ನಿಮ್ಮ ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹೊರಡುವ ಮೊದಲು ಯುವಜನರಿಗೆ ಇದು ಹೇಗಿರುತ್ತದೆಂದು ಬಿಡಿಸಿ ಹೇಳಿ. ಬಹುಪಾಲು ಯಾತ್ರಿಕರ ವಾಸ ಶಾಲೆಗಳ ಕೊಠಡಿಯಲ್ಲಿ, ವ್ಯಾಯಾಮಶಾಲೆಯಲ್ಲಿ ಅಥವಾ ಚರ್ಚಿನ ಸಭಾಂಗಣದಲ್ಲಿ ನೆಲದ ಮೇಲೆ. ಸ್ನಾನಕ್ಕೆ ಸಾಲು, ಊಟಕ್ಕೆ ಸಾಲು. ಆಗಸ್ಟ್ 5ರ ರಾತ್ರಿ ಟೇಗಸ್ ನದಿಯ ದಂಡೆಯ ಪಾರ್ಕ್ ತೇಜೊ ಬಯಲಿನಲ್ಲಿ ಜಾಗರಣೆ ಇತ್ತು. ಹಗಲಿನ ಬಿಸಿಲಿನಲ್ಲಿ ಚೀಲ ಹೊತ್ತು ಗಂಟೆಗಟ್ಟಲೆ ನಡೆದು ನಮ್ಮ ವಿಭಾಗ ತಲುಪಿದಾಗ ಒಬ್ಬಳ ಚಪ್ಪಲಿಯ ಪಟ್ಟಿ ಕಿತ್ತಿತ್ತು, ಇಬ್ಬರು ಪರಸ್ಪರ ಮಾತು ಬಿಟ್ಟಿದ್ದರು, ಎಲ್ಲರ ಬಾಟಲಿಗಳೂ ಖಾಲಿಯಾಗಿದ್ದವು. ಪಕ್ಕದ ಗುಂಪಿನವರು ಹಾಡುತ್ತಲೇ ಇದ್ದರು, ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಅದು ಕಿರಿಕಿರಿಯೇ. ಆಮೇಲೆ ಪರಮ ಪ್ರಸಾದದ, ಅಂದರೆ ಕ್ರಿಸ್ತನ ದೇಹವೆಂದು ನಂಬುವ ಪವಿತ್ರ ರೊಟ್ಟಿಯ, ಆರಾಧನೆ ಆರಂಭವಾಯಿತು. ಅಷ್ಟು ದೊಡ್ಡ ಬಯಲು ಒಮ್ಮೆಲೇ ಮಂಡಿಯೂರಿತು. ಮರುದಿನದ ಬಲಿಪೂಜೆಗೆ ಸೇರಿದವರು ಸುಮಾರು 15 ಲಕ್ಷವೆಂದು ಸಂಘಟಕರು ಹೇಳಿದರು. ಆ ರಾತ್ರಿ ನನಗೆ ಕೇಳಿಸಿದ್ದು ಪಕ್ಕದಲ್ಲಿದ್ದವಳ ಚೀಲದ ಜಿಪ್ಪಿನ ಸದ್ದು ಮಾತ್ರ.

ನಮ್ಮನ್ನು ಒಂದು ಗುಂಪಾಗಿ ಉಳಿಸಿದ್ದು ಪ್ರತಿದಿನ ರಾತ್ರಿಯ ಅರ್ಧ ಗಂಟೆಯ ಕೂಟ. ಮೊದಲ ದಿನ "ದೇವರು ಇಂದು ನಿಮ್ಮೊಂದಿಗೆ ಏನು ಮಾತನಾಡಿದರು?" ಎಂದು ಕೇಳಿದೆ, ಎಲ್ಲರೂ ನೆಲ ನೋಡಿದರು. ಎರಡನೆಯ ದಿನ "ಇಂದು ಯಾವ ಹೊತ್ತಿನಲ್ಲಿ ನಿಮಗೆ ಸಿಟ್ಟು ಬಂತು?" ಎಂದು ಕೇಳಿದೆ. ಮಾತು ಮುಗಿಯುವ ಹೊತ್ತಿಗೆ ಒಂದೂವರೆ ಗಂಟೆಯಾಗಿತ್ತು.

ಉತ್ತರ 2: ಹಳದಿಬಾಣ

ಸ್ಯಾಂಟಿಯಾಗೊ ಹಾದಿಯನ್ನು ಎರಡು ಬಾರಿ ನಡೆದಿದ್ದೇನೆ, ಅದರಲ್ಲೊಮ್ಮೆ 9 ಮಂದಿಯ ಯುವಜನ ಗುಂಪಿನೊಂದಿಗೆ. ಆ ಹಾದಿಯ ಮೇಲೆ ನನಗೆ ಎಷ್ಟು ಮೋಹವಿದೆಯೋ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ: 26 ಮಂದಿಯ ಗುಂಪನ್ನು ಪವಿತ್ರ ವರ್ಷದ ಬೇಸಿಗೆಯಲ್ಲಿ ಅಲ್ಲಿಗೆ ಕರೆದೊಯ್ಯಬೇಡಿ.

ಕಾರಣ ಸರಳವಾಗಿದೆ. ಕಾಂಪೊಸ್ಟೆಲಾ ಎಂಬ ಯಾತ್ರಾಪತ್ರ ಸಿಗಬೇಕಾದರೆ ಸ್ಯಾಂಟಿಯಾಗೊದಲ್ಲಿ ಮುಗಿಯುವಂತೆ ಕನಿಷ್ಠ 100 ಕಿ.ಮೀ. ನಡೆದಿರಬೇಕು. ಆದ್ದರಿಂದ ಬಹುತೇಕರು ಸುಮಾರು 115 ಕಿ.ಮೀ. ದೂರದ ಸಾರ್ರಿಯಾ ಪಟ್ಟಣದಿಂದಲೇ ಹೊರಡುತ್ತಾರೆ, ಆ ಐದಾರು ದಿನಗಳ ಹಾದಿಯೇ ಅತ್ಯಂತ ದಟ್ಟಣೆಯದು. ಪವಿತ್ರ ವರ್ಷವಲ್ಲದ 2024ರಲ್ಲೇ ಸುಮಾರು 5 ಲಕ್ಷ ಮಂದಿ ಆ ಪತ್ರ ಪಡೆದಿದ್ದಾರೆ. ಸ್ಯಾಂಟಿಯಾಗೊ ಇರುವ ಗ್ಯಾಲಿಸಿಯ ಪ್ರಾಂತದ ಸರ್ಕಾರಿ ಯಾತ್ರಿಕ ವಸತಿಗಳಲ್ಲಿ ಮುಂಗಡ ಕಾಯ್ದಿರಿಸುವ ಪದ್ಧತಿಯಿಲ್ಲ, ಮೊದಲು ಬಂದವರಿಗೆ ಹಾಸಿಗೆ. 26 ಮಂದಿ ಒಟ್ಟಿಗೆ ಬಂದು ನಿಂತರೆ ಒಬ್ಬಂಟಿಯಾಗಿ ಹಲವು ವಾರಗಳಿಂದ ನಡೆದು ಬಂದ ಮುದುಕನೊಬ್ಬನ ಹಾಸಿಗೆಯನ್ನು ನೀವು ಕಿತ್ತುಕೊಂಡಂತೆಯೇ.

ಹಾಗೂ ಹೋಗಲೇಬೇಕೆಂದಾದರೆ ಆರೇಳು ಮಂದಿಯ ತಂಡಗಳಾಗಿ ಒಡೆದು ಬೇರೆ ಬೇರೆ ಹೊತ್ತಿಗೆ ಹೊರಡಿ, ಸಂಜೆಯ ಯಾತ್ರಿಕರ ಬಲಿಪೂಜೆಯಲ್ಲಿ ಮಾತ್ರ ಒಂದಾಗಿ. ಯಾತ್ರಿಕನ ಕೈಪುಸ್ತಕದಲ್ಲಿ ದಿನಕ್ಕೆ ಎರಡು ಮೊಹರುಗಳಿರಬೇಕು. ನಮ್ಮ ಹುಡುಗರು ಎರಡನೆಯ ದಿನದಿಂದ ಅದನ್ನೇ ಆಟವಾಗಿಸಿಕೊಂಡು, ಯಾರ ಪುಸ್ತಕದಲ್ಲಿ ಹೆಚ್ಚು ಮೊಹರು ಎಂಬ ಪೈಪೋಟಿಗೆ ಇಳಿದರು. ಮೂರನೆಯ ದಿನ ಕಾಲಿನ ಬೊಕ್ಕೆಗಳು ಒಡೆದ ಮೇಲೆ ಪೈಪೋಟಿ ತಾನಾಗಿ ನಿಂತಿತು. ಸೂಜಿಗೆ ದಾರ ಪೋಣಿಸಿ ಒಬ್ಬರ ಬೊಕ್ಕೆಯನ್ನು ಇನ್ನೊಬ್ಬರು ಚುಚ್ಚಿ ನೀರು ತೆಗೆಯಲು ಕೂತ ಸಂಜೆಯೇ (ವೈದ್ಯರು ಇದನ್ನು ಒಪ್ಪುವುದಿಲ್ಲ, ಅವರ ಮಾತನ್ನೇ ಕೇಳಿ) ಆ ಗುಂಪಿಗೆ ಯಾತ್ರೆ ಆರಂಭವಾಯಿತೆಂದು ನನ್ನ ಎಣಿಕೆ.

ಅಲ್ಲಿ ದಾರಿ ತೋರಿಸುವ ಹಳದಿ ಬಾಣಗಳನ್ನು 1980ರ ದಶಕದಲ್ಲಿ ಬಳಿಯತೊಡಗಿದವರು ಓ ಸೆಬ್ರೇರೊ ಎಂಬ ಬೆಟ್ಟದೂರಿನ ಧರ್ಮಗುರು ಎಲಿಯಾಸ್ ವಲಿನ್ಯಾ. ಒಬ್ಬರೇ ಬಣ್ಣದ ಡಬ್ಬಿ ಹಿಡಿದು ಹೊರಟವರು. ನಿಮ್ಮ ಸಂಘದಲ್ಲಿ ಐದಾರು ಮಂದಿ ಅಂಥ ಒಂಟಿ ಬುದ್ಧಿಯವರಿದ್ದರೆ ಅವರನ್ನು ಬೇರೊಂದು ವರ್ಷ ಅಲ್ಲಿಗೆ ಕಳುಹಿಸಿ.

ಉತ್ತರ 3: ಯುವಜನರ_ಗುರು

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಧರ್ಮಪ್ರಾಂತ್ಯದ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ) ಯುವಜನ ಆಯೋಗದಲ್ಲಿ ಕೆಲವು ವರ್ಷ ದುಡಿದವನಾಗಿ ಮೂರು ವಿಷಯಗಳನ್ನು ಹೇಳಬೇಕೆನಿಸಿತು.

ನಿಮ್ಮ ಏಜೆಂಟರ ಪಟ್ಟಿಯಲ್ಲಿರುವ ಖರೀದಿ ಬೀದಿ ಬಹುಶಃ ಮ್ಯೋಂಗ್‌ಡಾಂಗ್ ಇರಬೇಕು. ಆ ಬೀದಿಯಿಂದ ಕೆಲವೇ ನಿಮಿಷ ಏರು ಹತ್ತಿದರೆ 1898ರಲ್ಲಿ ಕಟ್ಟಿ ಮುಗಿಸಿದ ಮ್ಯೋಂಗ್‌ಡಾಂಗ್ ಪ್ರಧಾನಾಲಯವಿದೆ, ಅದರ ನೆಲಮಾಳಿಗೆಯಲ್ಲಿ ವೇದಸಾಕ್ಷಿಗಳ, ಅಂದರೆ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರ, ಅವಶೇಷಗಳಿವೆ. ಕೊರಿಯಾದ ಮೊದಲ ವಿಶ್ವಾಸಿಗಳು 1784ರ ಸುಮಾರಿಗೆ ಗುಟ್ಟಾಗಿ ಸೇರುತ್ತಿದ್ದ ಮನೆ ಇದ್ದದ್ದೂ ಅದೇ ಆಸುಪಾಸಿನಲ್ಲಿ. ಅಲ್ಲಿಯ ಧರ್ಮಸಭೆ ವಿದೇಶಿ ಧರ್ಮಪ್ರಚಾರಕರಿಂದ ಹುಟ್ಟಿದ್ದಲ್ಲ. ಪುಸ್ತಕ ಓದಿ ಕ್ರಿಸ್ತನನ್ನು ಅರಿತ ಗೃಹಸ್ಥ ವಿದ್ವಾಂಸರು ತಮ್ಮಲ್ಲೊಬ್ಬನನ್ನು ಬೀಜಿಂಗ್‌ಗೆ ಕಳುಹಿಸಿದರು, ಅವನು 1784ರಲ್ಲಿ ಅಲ್ಲಿ ಸ್ನಾನದೀಕ್ಷೆ ಪಡೆದು ಮರಳಿ ಬಂದು ಉಳಿದವರಿಗೆ ದೀಕ್ಷೆ ಕೊಟ್ಟನು. ಮೊದಲ ಕೊರಿಯನ್ ಗುರು ಸಂತ ಆಂಡ್ರೂ ಕಿಮ್ ಟೇಗಾನ್ 1846ರಲ್ಲಿ ಶಿರಚ್ಛೇದಕ್ಕೆ ಗುರಿಯಾದಾಗ ಅವರ ವಯಸ್ಸು 25, ಅಂದರೆ ನಿಮ್ಮ ಸಂಘದ ಹಿರಿಯ ಸದಸ್ಯರ ವಯಸ್ಸು. 1984ರಲ್ಲಿ ಜಗದ್ಗುರು (ಪೋಪ್) ಎರಡನೇ ಜಾನ್ ಪಾಲ್ ಸಿಯೋಲ್‌ಗೇ ಬಂದು ಅವರನ್ನೂ ಸೇರಿಸಿ 103 ವೇದಸಾಕ್ಷಿಗಳನ್ನು ಸಂತರೆಂದು ಘೋಷಿಸಿದರು. ಅವರಲ್ಲಿ 44 ಮಂದಿ ಪ್ರಾಣ ಕೊಟ್ಟ ಸ್ಥಳ ನಗರದೊಳಗಿನ ಸೊಸೊಮುನ್. ಹಾನ್ ನದಿಯ ದಡದ ಜೋಲ್ದುಸಾನ್ ಎಂಬ ಹೆಸರಿನ ಅರ್ಥವೇ ತಲೆ ಕಡಿದ ಗುಡ್ಡ. ಆದ್ದರಿಂದ ಏಜೆಂಟರ ಪಟ್ಟಿಯನ್ನು ಹರಿದು ಹಾಕಬೇಕಾಗಿಲ್ಲ; ಅದೇ ಬೀದಿಗೆ ಹೋಗಿ, ಆದರೆ ಮೊದಲು ಏರು ಹತ್ತಿ. ಇಳಿದು ಬರುವಾಗ ಯಾರಾದರೂ ಒಂದು ಜೊತೆ ಕಾಲುಚೀಲ ಕೊಂಡರೆ ಯಾತ್ರೆಗೆ ಭಂಗ ಬರುವುದಿಲ್ಲ.

ಎರಡನೆಯದು, ಆ ಹುಡುಗನ ವಿಷಯ. ಅವನನ್ನು ಕರೆದೊಯ್ಯಿರಿ. 2023ರ ಯುವಜನ ದಿನದ ಹೊತ್ತಿಗೆ ಲಿಸ್ಬನ್ನಿನ ಬೆಲೆಂ ಪ್ರದೇಶದ ಉದ್ಯಾನವೊಂದರಲ್ಲಿ ಪಾಪನಿವೇದನೆಗೆಂದು 150 ಮರದ ಪೀಠಗಳನ್ನು ಸಾಲಾಗಿ ಇಟ್ಟಿದ್ದರು, ಅವನ್ನು ಮಾಡಿಕೊಟ್ಟವರು ಪೋರ್ಚುಗಲ್ಲಿನ ಸೆರೆಮನೆಗಳ ಬಂದಿಗಳು. ನಮ್ಮ ಗುಂಪಿನಲ್ಲೂ ನಿಮ್ಮಲ್ಲಿರುವಂಥ ಒಬ್ಬನಿದ್ದ. ಎಲ್ಲರೂ ಸಾಲಿನಲ್ಲಿ ನಿಂತಾಗ ಅವನು ಹುಲ್ಲಿನ ಮೇಲೆ ಎಲ್ಲರ ಚೀಲಗಳನ್ನೂ ಕಾಯುತ್ತ ಕುಳಿತ. ಸಾಲಿಗೆ ಬರಲಿಲ್ಲ, ನಾನೂ ಕರೆಯಲಿಲ್ಲ. ಸಂಜೆ ಆ ಪೀಠಗಳನ್ನು ಮಾಡಿದವರು ಯಾರೆಂದು ವಿಚಾರಿಸಿದ, ಹೇಳಿದೆ, ಬೇರೇನನ್ನೂ ಕೇಳಲಿಲ್ಲ. ಅವನು ಮನಸ್ಸು ಬದಲಿಸಿದನೆಂಬ ಕಥೆ ನನ್ನ ಬಳಿ ಇಲ್ಲ. ಆದರೆ ಬಲಿಪೂಜೆಗೆ ಹಾಜರಾತಿ ಹಾಕಿ ಯಾತ್ರಿಕರನ್ನು ಆರಿಸುವ ಸಂಘಕ್ಕಿಂತ ಚೀಲ ಕಾಯಲು ಒಬ್ಬನಿಗೆ ಜಾಗವಿರುವ ಸಂಘ ಮೇಲು.

ಮೂರನೆಯದು, ಅಪ್ರಾಪ್ತ ವಯಸ್ಕರು. ತಂದೆ ತಾಯಿ ಇಬ್ಬರ ಲಿಖಿತ ಒಪ್ಪಿಗೆ, ಪ್ರತಿಯೊಬ್ಬರ ಔಷಧ ಮತ್ತು ಅಲರ್ಜಿಗಳ ವಿವರ, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಜವಾಬ್ದಾರಿ ವಹಿಸಿದ ವಯಸ್ಕರು, ಯಾವ ವಯಸ್ಕರೂ ಒಂದು ಮಗುವಿನೊಂದಿಗೆ ಒಂಟಿಯಾಗಿ ಕೊಠಡಿಯಲ್ಲಿ ಇರಬಾರದೆಂಬ ನಿಯಮ: ಇವುಗಳಲ್ಲಿ ಒಂದರಲ್ಲೂ ರಾಜಿ ಬೇಡ, ಗುರುಗಳಿಗೂ ವಿನಾಯಿತಿ ಬೇಡ. ನಿಮ್ಮೊಂದಿಗೆ ಬರುವ ಗುರುಗಳು ತಮ್ಮ ಧರ್ಮಾಧ್ಯಕ್ಷರಿಂದ (ಬಿಷಪರಿಂದ) ಸೆಲೆಬ್ರೆಟ್ ಎಂಬ ಪತ್ರವನ್ನು ಪಡೆದು ಬರಲಿ, ಅಪರಿಚಿತ ದೇವಾಲಯದಲ್ಲಿ ಬಲಿಪೂಜೆ ಅರ್ಪಿಸಲು ಮೊದಲು ಕೇಳುವುದು ಅದನ್ನೇ.

ಉತ್ತರ 4: ಖರ್ಚುಲೆಕ್ಕ

ಎಲ್ಲರೂ ಯಾವ ಊರಿಗೆ ಎಂದು ಚರ್ಚಿಸುತ್ತಿದ್ದೀರಿ. ಯಾರು ಹೋಗಲಾರರು ಎಂದು ಯಾರೂ ಕೇಳಲಿಲ್ಲ. ಆ 26 ಮಂದಿಯ ಪಟ್ಟಿ ಹೇಗೆ ತಯಾರಾಯಿತು? ಹಣ ಕಟ್ಟಬಲ್ಲವರ ಪಟ್ಟಿಯೇ ಯಾತ್ರಿಕರ ಪಟ್ಟಿಯಾದರೆ, ನಿಮ್ಮ ಹಿರಿಯರ ಪ್ರಶ್ನೆಗೆ ಸೊಸೊಮುನ್ ಕೂಡ ಉತ್ತರವಾಗದು. ಯುವಜನ ದಿನ ಆ ಒಂದು ನಗರದಲ್ಲಿ ಮಾತ್ರ ನಡೆಯುವುದೂ ಅಲ್ಲ. 2021ರಿಂದ ಪ್ರತಿವರ್ಷ ಕ್ರಿಸ್ತರಾಜರ ಹಬ್ಬದಂದು ಎಲ್ಲ ಧರ್ಮಪ್ರಾಂತ್ಯಗಳೂ ತಮ್ಮಲ್ಲೇ ಆಚರಿಸುತ್ತವೆ, ಅದಕ್ಕೆ ಮುಂಚೆ ಈಸ್ಟರ್‌ನ ಹಿಂದಿನ ವಾರದ ಗರಿಗಳ ಭಾನುವಾರ ಆಚರಿಸುತ್ತಿದ್ದರು. ಹೋಗದವರಿಗೂ ಅಂದು ಹೋದವರಷ್ಟೇ ಕೆಲಸ ಕೊಡುವ ಯೋಚನೆ ನಿಮ್ಮಲ್ಲಿದೆಯೇ?

ಮರುಮಾತು: ಯುವಸಂಚಾಲಕಿ

ಎಲ್ಲರಿಗೂ ಕೃತಜ್ಞತೆಗಳು. ಖರ್ಚುಲೆಕ್ಕ ಅವರ ಮಾತು ಚುಚ್ಚಿತು, ಚುಚ್ಚಬೇಕಾದದ್ದೇ. ಪಟ್ಟಿ ಹಣ ಕಟ್ಟಬಲ್ಲವರದ್ದೇ ಆಗಿತ್ತು, ನಾನದನ್ನು ಗಮನಿಸಿರಲಿಲ್ಲ. ನಿನ್ನೆಯ ಸಭೆಯಲ್ಲಿ ಸಿಯೋಲ್ ಎಂದು ತೀರ್ಮಾನಿಸಿದೆವು. ಮನರಂಜನಾ ಉದ್ಯಾನವನ್ನೂ ಕೊನೆಯ ನಗರ ದರ್ಶನವನ್ನೂ ತೆಗೆದಿದ್ದೇವೆ. ಉಳಿದ ಹಣವನ್ನು ಒಂದು ಸಾಮಾನ್ಯ ನಿಧಿಗೆ ಹಾಕಿ, ಬರಲು ಮನಸ್ಸಿದ್ದೂ ಶಕ್ತಿಯಿಲ್ಲದವರ ಪಾಲನ್ನು ಅದರಿಂದ ಭರಿಸುತ್ತೇವೆ. ಯಾರ ಪಾಲನ್ನು ನಿಧಿ ಭರಿಸಿತೆಂಬುದು ಗುರುಗಳಿಗೂ ಖಜಾಂಚಿಗೂ ಮಾತ್ರ ತಿಳಿದಿರುತ್ತದೆ. ಆ ಹುಡುಗನೂ ಬರುತ್ತಾನೆ. ಕಾಗದಪತ್ರಗಳನ್ನು ಎಲ್ಲಿಂದ ಆರಂಭಿಸಬೇಕೆಂಬುದೊಂದೇ ಈಗ ಉಳಿದ ಪ್ರಶ್ನೆ.

ಉತ್ತರ 5: ಲಿಸ್ಬನ್_ಯಾತ್ರಿಕ

ಪಾಸ್‌ಪೋರ್ಟ್‌ನಿಂದ. ಮರಳಿ ಬಂದ ಮೇಲೂ 6 ತಿಂಗಳ ಅವಧಿ ಉಳಿದಿರುವಂತೆ ನೋಡಿಕೊಳ್ಳಿ, ಇಲ್ಲದವರಿಂದ ಈಗಲೇ ಅರ್ಜಿ ಹಾಕಿಸಿ. ಯುವಜನ ದಿನದ ನೋಂದಣಿ, ಧರ್ಮಾಧ್ಯಕ್ಷರ ಶಿಫಾರಸು ಪತ್ರ, ಆಮೇಲೆ ವೀಸಾ ಅರ್ಜಿ ಎಂಬ ಕ್ರಮದಲ್ಲಿ ಸಾಗಿ, ವೀಸಾ ಕೈಗೆ ಬರುವವರೆಗೆ ಹಣ ಮರಳದ ವಿಮಾನ ಟಿಕೆಟ್ ಕೊಳ್ಳಬೇಡಿ.

ಇನ್ನೊಂದು ಸಣ್ಣ ಮಾತು. ನಾವು ಹೆಸರುಗಳ ಪಟ್ಟಿಯನ್ನು ಧರ್ಮಕೇಂದ್ರದ ದಾಖಲೆ ನೋಡಿ ಸಿದ್ಧಪಡಿಸಿದೆವು. ನಾಲ್ವರ ದೀಕ್ಷಾನಾಮ ಒಂದು, ಪಾಸ್‌ಪೋರ್ಟಿನ ಹೆಸರು ಇನ್ನೊಂದಾಗಿತ್ತು. ನೋಂದಣಿ ಒಂದು ಹೆಸರಿನಲ್ಲಿ, ವೀಸಾ ಅರ್ಜಿ ಇನ್ನೊಂದರಲ್ಲಿ ಹೋಗಿ, ಅದನ್ನು ಸರಿಪಡಿಸಲು ಐದು ವಾರ ಓಡಾಡಬೇಕಾಯಿತು. ನಿಮ್ಮ 26 ಮಂದಿಯ ಪಾಸ್‌ಪೋರ್ಟ್‌ಗಳನ್ನೂ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಪಟ್ಟಿ ಬರೆಯಿರಿ, ಬರೆದದ್ದನ್ನು ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ.