ವಿಕ್ಟೋರಿಯಾ ಕಾಲದ ಶ್ರೀಮಂತ ವಿಧವೆಯ ಮೇಲೆ ಗುಲ್ಲೆದ್ದರೆ ಅವಳ ಕೈತಪ್ಪುತ್ತಿದ್ದುದೇನು?

ಪ್ರಶ್ನೆ: 1870ರ ದಶಕದ ಲಂಡನ್. ಗಂಡ ಸತ್ತು ವರ್ಷ ತುಂಬಿಲ್ಲ, ಕೈಯಲ್ಲಿ ಆಸ್ತಿ ಇದೆ. ಮನೆಗೆ ಬಂದುಹೋಗುವ ಡಾಕ್ಟರ ಜೊತೆ ಹೆಸರು ಸೇರಿಸಿ ಜನ ಆಡಿಕೊಳ್ಳುತ್ತಿದ್ದಾರೆ. ಇಂಥವಳ ಬಗ್ಗೆ ನಾಟಕ ಬರೆಯುವವರಿಗೆ ಏನೇನು ಗೊತ್ತಿರಬೇಕು? ಅವಳು ಮಾನನಷ್ಟದ ಕೇಸು ಹಾಕಬಹುದಿತ್ತೇ?

ಉತ್ತರ: ಮೊದಲು ಗಂಡನ ಉಯಿಲಿನಲ್ಲಿ ಏನಿದೆ ಅನ್ನುವುದನ್ನು ತೀರ್ಮಾನಿಸಿಕೊಳ್ಳಿ, ಕಥೆಯ ಬೇರು ಅಲ್ಲಿದೆ. ಕಾನೂನಿನ ಪ್ರಕಾರ ವಿಧವೆ ಸ್ವತಂತ್ರಳು. ಆಸ್ತಿ, ಕರಾರು, ದಾವೆ ಎಲ್ಲ ಅವಳ ಹೆಸರಲ್ಲೇ. ಆದರೆ ವರ್ಷಾಶನ ಬರೆದಿಡುವಾಗ ‘ವಿಧವೆಯಾಗಿ ಇರುವವರೆಗೆ’ ಎಂಬ ಷರತ್ತು ಸಾಮಾನ್ಯ. ಕೆಲವೊಮ್ಮೆ ‘ಶೀಲವಂತೆಯಾಗಿ ಇರುವವರೆಗೆ’ ಎಂದೂ ಇರುತ್ತಿತ್ತು. ಹಾಗಿದ್ದರೆ ಗುಲ್ಲು ನೇರವಾಗಿ ಅನ್ನಕ್ಕೇ ಕುತ್ತು. ಮಕ್ಕಳಿದ್ದರೆ ಇನ್ನೊಂದು ಭಯ: ತಂದೆ ಉಯಿಲಿನಲ್ಲಿ ಬೇರೊಬ್ಬರನ್ನು ಪೋಷಕರಾಗಿ ನೇಮಿಸಿದ್ದರೆ ಅವರದೇ ಅಧಿಕಾರ. ತಾಯಿಗೂ ಅವರ ಜೊತೆ ಪೋಷಕಳ ಸ್ಥಾನ ಕೊಟ್ಟದ್ದು 1886ರ ಕಾಯಿದೆ.

ಕೇಸಿನ ವಿಷಯ. ಬಾಯಿಮಾತಿನಲ್ಲಿ ಶೀಲಕ್ಕೆ ಕಳಂಕ ಹಚ್ಚಿದರೆ ಅದರಿಂದಾದ ನಿರ್ದಿಷ್ಟ ನಷ್ಟವನ್ನು ಅವಳೇ ರುಜುವಾತು ಮಾಡಬೇಕಿತ್ತು. ಗೊತ್ತಾಗಿದ್ದ ಮದುವೆ ಮುರಿದರೆ ಅದು ನಷ್ಟ. ಗೆಳತಿಯರು ಮಾತು ಬಿಟ್ಟರೆ ಅಲ್ಲ. ಈ ಅನ್ಯಾಯ ಸರಿಹೋದದ್ದು 1891ರಲ್ಲಿ. ಅದೇ ಮಾತನ್ನು ಯಾರಾದರೂ ಕಾಗದದಲ್ಲಿ ಬರೆದು ಮೂರನೆಯವರಿಗೆ ಕಳಿಸಿದ್ದರೆ ನಷ್ಟ ತೋರಿಸದೆಯೂ ದಾವೆ ನಡೆಯುತ್ತಿತ್ತು. ನಿಮ್ಮ ನಾಟಕದಲ್ಲಿ ಅಂಥದೊಂದು ಪತ್ರ ಇರಲಿ.

ಪ್ರಶ್ನೆ ಕೇಳಿದವರು: ಮಕ್ಕಳಿಲ್ಲ. ಉಯಿಲಿನ ಎಳೆ ಚೆನ್ನಾಗಿದೆ. ಉಡುಪು ಹೇಗಿರಬೇಕು?

ಉತ್ತರ: ಮೊದಲ ಒಂದು ವರ್ಷ ಒಂದು ದಿನ ಹೊಳಪಿಲ್ಲದ ಕಪ್ಪು ಬಟ್ಟೆ, ಅದರ ಮೇಲೆ ಸೊಂಟದವರೆಗೂ ಕ್ರೇಪ್ (ಶೋಕಕ್ಕೆಂದು ತೊಡುತ್ತಿದ್ದ ಮಂಕು ಕಪ್ಪು ರೇಷ್ಮೆ), ತಲೆಗೆ ವಿಧವೆಯ ಬಿಳಿ ಟೋಪಿ. ಔತಣ, ನೃತ್ಯಕೂಟ ಇಲ್ಲ. ಆಮೇಲೆ ಕ್ರೇಪ್ ಹಂತಹಂತವಾಗಿ ಕಡಿಮೆಯಾಗುತ್ತದೆ. ಬೂದು, ತಿಳಿನೇರಳೆ ಬರಬೇಕಾದರೆ ಹೆಚ್ಚುಕಡಿಮೆ ಎರಡು ವರ್ಷ ಕಳೆಯಬೇಕು. ಅವಧಿಗೆ ಮೊದಲೇ ಬಣ್ಣ ಉಟ್ಟರೆ ಅಷ್ಟೇ ಸಾಕು, ಮಾತು ಹಬ್ಬಲು. ರಂಗದ ಮೇಲೆ ಬಳಸಬಹುದಾದ ವಿವರ: ಮಳೆ ಹನಿ ಬಿದ್ದರೆ ಕ್ರೇಪ್ ಸುಕ್ಕಾಗಿ ಕಲೆ ಉಳಿಯುತ್ತದೆ, ಬೆವರಿಗೆ ಕಪ್ಪು ಬಿಟ್ಟು ಕತ್ತಿನ ಚರ್ಮಕ್ಕೆ ಹತ್ತುತ್ತದೆ. ಬಹಿಷ್ಕಾರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇವಳು ಹೋದಾಗಲೆಲ್ಲ ‘ಅಮ್ಮಾವರು ಮನೆಯಲ್ಲಿಲ್ಲ’ ಎಂದು ಆಳು ಹೇಳುತ್ತಾನೆ, ಭೇಟಿಗೆ ಬಂದ ಗುರುತಿಗೆ ಬಿಟ್ಟುಬಂದ ಹೆಸರಿನ ಕಾರ್ಡಿಗೆ ಮರುಭೇಟಿ ಬರುವುದಿಲ್ಲ.

ಇನ್ನೊಂದು ಉತ್ತರ: ಡಾಕ್ಟರು ಅಂದಿರಿ, ಹಾಗಾದರೆ ಫ್ಲಾರೆನ್ಸ್ ರಿಕಾರ್ಡೊ ಪ್ರಕರಣ ಓದಲೇಬೇಕು. 1871ರಲ್ಲಿ ವಿಧವೆ. ಜಲಚಿಕಿತ್ಸೆಗೆ ಹೆಸರಾಗಿದ್ದ ಡಾ. ಗಲ್ಲಿಯ ಜೊತೆಗಿನ ಸಂಬಂಧಕ್ಕಾಗಿ ಹೆತ್ತವರೇ ದೂರವಾದರು. ಅವನನ್ನು ಬಿಟ್ಟು 1875ರ ಡಿಸೆಂಬರಿನಲ್ಲಿ ಚಾರ್ಲ್ಸ್ ಬ್ರಾವೊ ಎಂಬ ಬ್ಯಾರಿಸ್ಟರನನ್ನು ಮದುವೆಯಾದಳು. 1876ರ ಏಪ್ರಿಲಿನಲ್ಲಿ ಅವನು ಆಂಟಿಮನಿ ವಿಷದಿಂದ ಸತ್ತ. ಎರಡನೇ ಸಲ ನಡೆದ ಮರಣ ವಿಚಾರಣೆಯಲ್ಲಿ ಸಾವಿಗಿಂತ ಗಲ್ಲಿಯ ವಿಷಯವನ್ನೇ ಕೆದಕಿ ಕೆದಕಿ ಕೇಳಿದರು, ಪತ್ರಿಕೆಗಳು ಅದನ್ನೆಲ್ಲ ಅಚ್ಚು ಹಾಕಿದವು. ತೀರ್ಪು: ಕೊಲೆ ಹೌದು, ಯಾರ ಮೇಲೂ ಹೊರಿಸಲು ಸಾಕ್ಷ್ಯ ಸಾಲದು. ಆಕೆಯ ಮೇಲೆ ಆರೋಪವನ್ನೇ ಹೊರಿಸಲಿಲ್ಲ, ಹಾಗಾಗಿ ನಿರ್ದೋಷಿ ಅನ್ನಿಸಿಕೊಳ್ಳುವ ದಾರಿಯೂ ಇರಲಿಲ್ಲ. ಪ್ರಮಾಣ ಮಾಡಿ ನುಡಿದ ಸಾಕ್ಷಿಗಳ ಮೇಲೆ ಮಾನನಷ್ಟದ ದಾವೆಯೂ ನಿಲ್ಲದು. 1878ರಲ್ಲಿ ತೀರಿಕೊಂಡಳು.